ನಾಬ್ ತಿರುಗಿಸುವ ಯಂತ್ರ ಬಂದ ವರ್ಷ

1985ರಲ್ಲಿ ನಾನು ಕಡೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಅರ್ಧಕ್ಕೆ ಬಿಟ್ಟು ಬಂದಿದ್ದ ಪ್ರೋಟೀನ್ ಕೆಲಸ ಇನ್ನೂ ನನ್ನ ಬೆನ್ನು ಬಿಟ್ಟಿರಲಿಲ್ಲ. ಪ್ರೋಟೀನ್ ಎಂದರೆ ಉದ್ದನೆಯ ಸರಪಳಿ. ಅದು ಎಲ್ಲೆಲ್ಲಿ ಹೇಗೆ ಮಡಚಿಕೊಂಡಿದೆ ಎಂದು ಕಂಡುಹಿಡಿಯುವುದೇ ನಮ್ಮ ಕಸುಬು. ಅಲ್ಲಿ ನನ್ನ ಜಾಗಕ್ಕೆ ಬಂದಿದ್ದವರು ತರೀಕೆರೆಯ ವಿಮಲಾ.

ಪ್ರಯೋಗಾಲಯದ ಆಗಿನ ಕಂಪ್ಯೂಟರ್ ಪ್ರೋಗ್ರಾಂಗೆ ಎಲ್ಲವನ್ನೂ ಟೈಪ್ ಮಾಡಿ ಹೇಳಬೇಕು: ಇಂಥ ಕೊಂಡಿಯನ್ನು ಇಷ್ಟು ಡಿಗ್ರಿ ತಿರುಗಿಸು ಎಂದು. ಪ್ಲಾಟರ್ ಎಂಬ ಯಂತ್ರ ಅದರ ಚಿತ್ರವನ್ನು ಕಾಗದದ ಮೇಲೆ ಬರೆದುಕೊಡುತ್ತಿತ್ತು. ಕಂಪ್ಯೂಟರ್ ಸಿಗುತ್ತಿದ್ದುದೇ ಸ್ವಲ್ಪ ಹೊತ್ತು, ಹಾಗಾಗಿ ಕೋನಗಳು ಮೊದಲೇ ತೀರ್ಮಾನವಾಗಿರಬೇಕಿತ್ತು. ಆ ಕೆಲಸ ನನ್ನದು. ಕಡೂರಿನ ಕೋಣೆಯಲ್ಲಿ ಆ ಸರಪಳಿಯ ತಂತಿಯ ಮಾದರಿಯನ್ನು ಬಗ್ಗಿಸಿ ಬಗ್ಗಿಸಿ ನೋಡುತ್ತಿದ್ದೆ. ಶನಿವಾರ ವಿಮಲಾ ಊರಿಗೆ ಹೋಗುವ ರೈಲು ಕಡೂರಿನಲ್ಲಿ ನಿಂತಾಗ ಕಿಟಕಿಯಿಂದ ಚಿತ್ರದ ಸುರುಳಿ ಕೊಡುತ್ತಿದ್ದರು, ನಾನು ಕೋನಗಳ ಚೀಟಿ ಕೊಡುತ್ತಿದ್ದೆ.

"ವಾರವಾರ ನಕ್ಷೆ ಬತ್ತದಲ್ಲ ಮೇಷ್ಟ್ರೇ, ಮನೆ ಕಟ್ಟುಸ್ತಿದೀರೇನು?" ಎಂದು ಸ್ಟೇಷನ್ನಿನ ಪೋರ್ಟರ್ ಕಾಲೆಳೆಯುತ್ತಿದ್ದ. ನಾನು ಶನಿವಾರಕ್ಕಾಗಿಯೇ ಕಾಯುತ್ತಿದ್ದೆ. ಪ್ರೋಟೀನ್ ಬರೀ ನೆಪವಾಗಿತ್ತು.

ಮರುವರ್ಷ ಪ್ರಯೋಗಾಲಯಕ್ಕೆ ಗ್ರಾಫಿಕ್ಸ್ ಟರ್ಮಿನಲ್ ಬಂತು. ಟೈಪ್ ಮಾಡುವ ಗೊಡವೆಯೇ ಇಲ್ಲ. ರೇಡಿಯೋದಲ್ಲಿರುವಂಥ ನಾಬ್‌ಗಳ ಸಾಲು; ನಾಬ್ ತಿರುಗಿಸಿದರೆ ಪರದೆಯ ಮೇಲೆ ಸರಪಳಿಯೂ ತಿರುಗುತ್ತದೆ. ತಿಂಗಳುಗಟ್ಟಲೆ ನಮ್ಮನ್ನು ಸತಾಯಿಸಿದ್ದ ತಿರುವು ವಿಮಲಾ ಕೈಯಲ್ಲಿ ಒಂದೇ ಮಧ್ಯಾಹ್ನಕ್ಕೆ ಸರಿಯಾಗಿ ಕೂತಿತು.

ಆ ಶನಿವಾರ ಅವರ ಕೈಯಲ್ಲಿ ಸುರುಳಿ ಇರಲಿಲ್ಲ. "ಮುಗೀತು ಸಾರ್! ಇನ್ಮೇಲೆ ನೀವು ತಂತಿ ಬಗ್ಗಿಸ್ತಾ ಕೂರ್ಬೇಕಾಗಿಲ್ಲ" ಎಂದು ನಕ್ಕರು. ಸಂತೋಷವೆಂದೆ. ಬರೆದು ತಂದಿದ್ದ ಕೋನಗಳ ಚೀಟಿಯನ್ನು ಜೇಬಿನೊಳಗೇ ಇಟ್ಟುಕೊಂಡೆ.

ಮುಂದಿನ ಶನಿವಾರವೂ ಕಾಲು ಸ್ಟೇಷನ್ನಿಗೇ ಎಳೆಯಿತು. ಕಿಟಕಿಯಲ್ಲಿ ವಿಮಲಾ ಕೇಳಿದರು, "ಏನ್ ಸಾರ್, ಇವತ್ತೂ ಬಂದಿದೀರಾ?"

"ಅಜ್ಜಂಪುರಕ್ಕೆ ಹೋಗ್ಬೇಕಿತ್ತು" ಎಂದೆ. ಅಜ್ಜಂಪುರದಲ್ಲಿ ನನಗೆ ಯಾರೂ ಇರಲಿಲ್ಲ.

ಅವರು ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಹಂಗಾದ್ರೆ ಹತ್ತಿ. ಬೀರೂರಲ್ಲಿ ಗಾಡಿ ಬದಲಾಯ್ಸಿದ್ರಾಯ್ತು. ಅಲ್ಲೀವರ್ಗೂ ಜೊತೆಗೆ ಹೋಗಣ."

"ಇಲ್ಲ, ಮುಂದಿನ ಗಾಡೀಗೆ ಹೋಗ್ತೀನಿ" ಎಂದುಬಿಟ್ಟೆ. ರೈಲು ಹೊರಟಿತು.

ಆಮೇಲೆ ಎಷ್ಟೋ ಪ್ರೋಗ್ರಾಂಗಳನ್ನು ಕಲಿತೆ. ಮನಸ್ಸಿನಲ್ಲಿರುವುದನ್ನು ಯಂತ್ರಕ್ಕೆ ತಿಳಿಸಲು ಟೈಪ್ ಮಾಡಬಹುದು, ನಾಬ್ ತಿರುಗಿಸಬಹುದು, ಮೌಸ್ ಒತ್ತಬಹುದು. ಮನುಷ್ಯರಿಗಾದರೆ ಬಾಯಿಬಿಟ್ಟು ಹೇಳಬೇಕು, ಬೇರೆ ದಾರಿಯಿಲ್ಲ ಎಂಬುದೇ ನನ್ನ ವೃತ್ತಿ ಕಲಿಸಿದ ಪಾಠ. ವಿಮಲಾ ಸರಿದು ಬಿಟ್ಟುಕೊಟ್ಟ ಆ ಗೇಣಗಲದ ಜಾಗ ಈಗಲೂ ನನ್ನ ಕಣ್ಣ ಮುಂದೆ ಖಾಲಿಯೇ ಇದೆ.