ಸುಣ್ಣ ಕಾಣದ ಗೋಡೆ

ಪಕ್ಕದ ಮನೆಯಲ್ಲಿ ಮದುವೆ. ಬೆಳಿಗ್ಗೆಯಿಂದ ಹಸಿ ಸುಣ್ಣದ ವಾಸನೆ ಕಿಟಕಿ ದಾಟಿ ಬರುತ್ತಿದೆ. ಮನೆಗೆಲ್ಲ ದುಬಾರಿ ಪೇಂಟ್ ಹೊಡೆಸಿದವರೂ ಶುಭಕಾರ್ಯ ಬಂತೆಂದರೆ ಬಾಗಿಲ ಪಕ್ಕ ಒಂದಿಷ್ಟು ಸುಣ್ಣ ತೀಡದೆ ಬಿಡುವುದಿಲ್ಲ. ಆ ವಾಸನೆಗೆ ನನಗೆ ನೆನಪಾಗುವುದು ನಮ್ಮೂರ ಸಮುದಾಯ ಭವನ.

ನೆಲಮಂಗಲದಿಂದ ಶಿವಗಂಗೆ ಕಡೆ ಹೋಗುವಾಗ ನೀವೂ ಅದನ್ನು ನೋಡಿ ಗೋಡೌನ್ ಅಂದುಕೊಂಡಿರಬಹುದು. ಗಾರೆಯಿಲ್ಲ, ಬಣ್ಣವಿಲ್ಲ, ಬರಿಯ ಕಾಂಕ್ರೀಟು, ಮೇಲೆ ಸೆಂಟ್ರಿಂಗ್ ಹಲಗೆಯ ಗೆರೆ. ಯಾರೋ ದೊಡ್ಡ ವಾಸ್ತುಶಿಲ್ಪಿ ಬೇಕೆಂದೇ ಹಾಗೆ ಬಿಟ್ಟದ್ದಂತೆ. ಊರಿನವರು ಮಾತ್ರ ಗಾರೆಯವರು ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ವರ್ಷಗಟ್ಟಲೆ ಕಾದರು. "ಕಂಟ್ರಾಕ್ಟರು ಪ್ಲಾಸ್ಟರಿಂಗ್ ದುಡ್ಡು ನುಂಗವ್ನೆ" ಎಂಬುದು ಒಂದು ಪಕ್ಷ. "ನುಂಗಿದ್ರೂ ಮಳೆಗೆ ಸೋರಲ್ಲ ಕಣೋ" ಎಂಬುದು ಇನ್ನೊಂದು. ಮೂರನೆಯ ಪಕ್ಷದಲ್ಲಿ ನಾನೊಬ್ಬನೇ. ಆಗಷ್ಟೇ ಎಂ.ಎ. ಮುಗಿಸಿದ್ದೆ, ಇದ್ದದ್ದನ್ನು ಇದ್ದಂತೆ ತೋರಿಸುವ ಕಾಂಕ್ರೀಟಿನ ಪ್ರಾಮಾಣಿಕತೆಯ ಬಗ್ಗೆ ಟೀ ಅಂಗಡಿಯಲ್ಲಿ ಭಾಷಣ ಮಾಡುತ್ತಿದ್ದೆ. ಅಲ್ಲೇ ಮದುವೆಯಾಗುತ್ತೇನೆಂದು ಹಟ ಹಿಡಿದೆ.

ಅತ್ತೆಯಾಗಲಿದ್ದವರು ಬಂದು ನೋಡಿದರು. "ಏನಪ್ಪಾ, ಕಟ್ಟಿ ಮುಗಿಸೋಕ್ಮುಂಚೇನೇ ಮದುವೆನಾ?"

"ಮುಗಿದಿದೆ ಅತ್ತೆ. ಇದೊಂದು ಶೈಲಿ."

"ಶೈಲಿ ಇರ್ಲಿ. ಸುಣ್ಣ ಕಾಣದ ಗೋಡೆ ಮಧ್ಯೆ ನನ್ನ ಮಗಳನ್ನ ಧಾರೆ ಎರೆಯಲ್ಲ."

ಮದುವೆಯ ಬೆಳಿಗ್ಗೆ ಅವರೇ ಚೆಂಬಿನಲ್ಲಿ ಸುಣ್ಣ ಕಲಸಿ ತಂದು, ಮಂಟಪದ ಹಿಂದಿನ ಗೋಡೆಗೆ ಅಂಗೈಯಿಂದಲೇ ಬಳಿದರು. ತಟ್ಟೆಯಷ್ಟು ಅಗಲ ಎಂದು ನನ್ನ ನೆನಪು. ಮೊರದಷ್ಟು ಅನ್ನುತ್ತಾಳೆ ಹೆಂಡತಿ. ನನ್ನ ನೆನಪನ್ನು ನಂಬಬೇಡಿ. ಧಾರೆಯ ಹೊತ್ತಿಗೆ ಕಾಂಕ್ರೀಟು ಎಳೆಬಿಸಿಲಿಗೆ ಬೆಳಗುತ್ತಿತ್ತು ಎಂದು ಎಲ್ಲರಿಗೂ ಹೇಳುತ್ತಿರುತ್ತೇನೆ. ಆಲ್ಬಮ್ಮು ತೆಗೆದರೆ ಗೋಡೆಯುದ್ದಕ್ಕೂ ಗುಲಾಬಿ ಬಣ್ಣದ ಶಾಮಿಯಾನ ಬಟ್ಟೆ!

ಹೋದ ವರ್ಷ ಭವನಕ್ಕೆ ಹಳದಿ ಬಣ್ಣ ಹೊಡೆಯುವ ಮಾತೆದ್ದಿತು. ಅದನ್ನು ತಡೆಯಲು ಬೆಂಗಳೂರಿನಿಂದ ವಾಸ್ತುಶಿಲ್ಪ ಓದುವ, ಕಪ್ಪು ಬಟ್ಟೆ ತೊಟ್ಟ ಹುಡುಗ ಹುಡುಗಿಯರು ಬಂದರು. ಗೋಡೆ ಸವರಿ ಕಣ್ಣು ಮುಚ್ಚಿಕೊಂಡರು. "ಇವರ ಮನೆಗಾದ್ರೂ ಪೇಂಟ್ ಆಗೈತಾ ಕೇಳ್ಲಾ" ಎಂದು ಟೀ ಅಂಗಡಿ ನಕ್ಕಿತು. ನಾನು ಅವರ ಜೊತೆ ನಿಂತು ಹಳೆಯ ಭಾಷಣವನ್ನೇ ಮಾಡಿದೆ. ಗೆದ್ದೆವು. ಬಣ್ಣದ ಮಾತು ನಿಂತಿತು. ಆಮೇಲೆ ಅವರು ಕಟ್ಟಡವನ್ನು ಮೂಲಸ್ಥಿತಿಗೆ ತರಲು ಹೊರಟರು.

"ಈ ಬಿಳಿ ಕಲೆ ಆಮೇಲೆ ಸೇರಿದ್ದು ಸರ್, ತೆಗೀತೀವಿ" ಎಂದಳೊಬ್ಬ ಹುಡುಗಿ.

ಅತ್ತೆ ಈಗಿಲ್ಲ. ಅವರ ಬೆರಳು ಎಳೆದ ಗೆರೆಗಳು ಆ ಸುಣ್ಣದಲ್ಲಿ ಇನ್ನೂ ಇದ್ದವು.

"ಅದೊಂದನ್ನ ಬಿಟ್ಟುಬಿಡಮ್ಮ."

"ಕಾಂಕ್ರೀಟಿನ ಪ್ರಾಮಾಣಿಕತೆ ಅಂತ ನೀವೇ ಹೇಳಿದ್ರಲ್ಲ ಸರ್?"

ತಂತಿ ಬ್ರಷ್ಷಿನ ಸದ್ದು ಶುರುವಾಯಿತು. ಜೊತೆಗೆ ಬಂದಿದ್ದ ಹೆಂಡತಿ, "ನಿಮ್ಮ ಪಕ್ಷ ಗೆಲ್ತಲ್ಲ, ಬನ್ನಿ ಊಟಕ್ಕೆ" ಎಂದಳು. ನನಗಾಗಿ ಕಾಯದೆ ಹೊರಟೇಬಿಟ್ಟಳು.

ಪಕ್ಕದ ಮನೆಯ ಮದುವೆಯೂ ಅದೇ ಭವನದಲ್ಲಿ. ಈಗ ಅಲ್ಲಿ ಫೋಟೋ ಚೆನ್ನಾಗಿ ಬರುತ್ತವಂತೆ. ಮದುವೆ ಹುಡುಗಿಯ ತಾಯಿ ಕಾಂಪೌಂಡಿನಾಚೆಯಿಂದ, ಕೈಯೆಲ್ಲ ಸುಣ್ಣ ಮಾಡಿಕೊಂಡು, ಈಗಷ್ಟೇ ಕೇಳಿದರು: "ಸರ್, ಆ ಭವನದ ವಿಚಾರ ನಿಮಗೆ ಗೊತ್ತಲ್ಲ, ಎಲ್ಲಾ ಸರಿ ಐತಾ?"

"ಕೆಲಸ ಇನ್ನೂ ಮುಗಿದಿಲ್ಲಮ್ಮ" ಅಂದೆ. "ಹೋಗುವಾಗ ಒಂದು ಚೆಂಬು ಸುಣ್ಣ ತಗೊಂಡು ಹೋಗಿ."