ಹಾಫ್ ಮೂನ್ ಬೇ ಊರಿಗೆ ನಲವತ್ತು ಮೈಲಿಯ ಆಕಾಶಮಾರ್ಗ

ನನಗೆ ಬರವಣಿಗೆಯ ಅಭ್ಯಾಸವಿಲ್ಲ. ನನ್ನ ತವರಿನಲ್ಲಿ ಪದವಿ ಪಡೆದವರಲ್ಲಿ ಮೊದಲಿಗಳಾದ್ದರಿಂದ, ತಪ್ಪಿಲ್ಲದೆ ಬರೆಯಬೇಕೆಂಬ ಅಳುಕು ಮಾತ್ರ ಬೇಕಾದಷ್ಟಿದೆ. ಲೋಪಗಳಿದ್ದರೆ ಓದುಗರು ಕ್ಷಮಿಸಬೇಕು.

ಎಂಬತ್ತರ ದಶಕದ ನಡುವಿನ ಒಂದು ಜುಲೈ ಶನಿವಾರ, ಮಗುವನ್ನು ಗಂಡನ ಬಳಿ ಬಿಟ್ಟು, ನಾನೂ ನನ್ನ ಅತ್ತೆಯೂ ಲಿವರ್‌ಮೋರ್‌ನ ಚಿಕ್ಕ ವಿಮಾನ ನಿಲ್ದಾಣದಿಂದ ಕಡಲ ತೀರದ ಹಾಫ್ ಮೂನ್ ಬೇ ಊರಿಗೆ ಹೊರಟೆವು. ವಿಮಾನ ಬಾಡಿಗೆಯದು, ಚಾಲಕಿ ನಾನು. ಪರವಾನಗಿ ಆಗತಾನೇ ಕೈಸೇರಿತ್ತು. ಮುಂದೆ ವಿಮಾನ ಹಾರಿಸುವುದನ್ನು ಕಲಿಸುವ ಬೋಧಕರ ತರಬೇತಿಗೆ ಸೇರಿ ಅದನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆಯಿತ್ತು. ಆದರೆ ಡ್ಯಾನ್‌ವಿಲ್‌ನ ನಮ್ಮ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಉಡುಪಿಯಿಂದ ಬಂದು ನೆಲೆಸಿದ್ದ ಅತ್ತೆ ಒಪ್ಪಬೇಕಿತ್ತು.

"ಒಮ್ಮೆ ನಿನ್ನ ಜೊತೆ ಕೂತು ನೋಡ್ತೇನೆ. ಮತ್ತೆ ಹೌದೋ ಅಲ್ಲವೋ ಹೇಳುವ," ಎಂದಿದ್ದರು.

ಹಾಫ್ ಮೂನ್ ಬೇಯಲ್ಲಿ ವೈದ್ಯರಾಗಿದ್ದ ಭಾವ, ಅಂದರೆ ಅತ್ತೆಯ ಹಿರಿಯ ಮಗ, ಊಟಕ್ಕೆ ಕರೆದಿದ್ದರು. "ನೀನು ಎಣ್ಣೆ, ಗಾಳಿ ನೋಡಿ ಹೊರಡುವಷ್ಟರಲ್ಲಿ ನಾನು ಕಾರಲ್ಲಿ ಬಂದು ಅಮ್ಮನನ್ನು ಕರ್ಕೊಂಡು ಬರ್ತೇನೆ, ವನಜಾ," ಎಂದು ಫೋನಿನಲ್ಲಿ ನಕ್ಕಿದ್ದರು. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ದೂರ ನಲವತ್ತು ಮೈಲಿಗೂ ಕಡಿಮೆ, ಸುಮಾರು ಇಪ್ಪತ್ತೈದು ನಿಮಿಷದ ಹಾರಾಟ. ರಸ್ತೆಯಲ್ಲಾದರೆ ಸೇತುವೆ ದಾಟಿ ಗುಡ್ಡ ಹತ್ತಿ ಒಂದು ಗಂಟೆಗೂ ಮಿಗಿಲು.

ಏರುವ ಮುನ್ನ, ವಿಮಾನದ ಭಾರದ ಲೆಕ್ಕಕ್ಕೆಂದು ನಿಯಮದಂತೆ ಅತ್ತೆಯ ತೂಕ ಕೇಳಿದೆ.

"ಎಂತಕ್ಕೆ? ನನ್ನನ್ನು ಮಾರ್ಲಿಕ್ಕುಂಟಾ?" ಎಂದರೂ ಅತ್ತೆ ಹೇಳಿದರು.

ಒಣಹುಲ್ಲಿನ ಹಳದಿ ಬೆಟ್ಟಗಳು ಸರಿದು ಕೊಲ್ಲಿಯ ಉಪ್ಪಿನ ಮಡಿಗಳು ಕಂಡವು. ಕೆಳಗೆ ಸೇತುವೆಯ ಮೇಲೆ ಸಾಲು ಕಾರುಗಳು.

"ಅವೆಲ್ಲ ಕೆಟ್ಟು ನಿಂತದ್ದಾ?"

"ಇಲ್ಲ ಅತ್ತೆ, ಓಡುತ್ತಿವೆ."

ಅವರು ಗತ್ತಿನಿಂದ ಸೆರಗು ಸರಿಪಡಿಸಿಕೊಂಡರು.

ಕೊನೆಯ ಗುಡ್ಡದ ಸಾಲಿನಾಚೆ ಊರೇ ಇರಲಿಲ್ಲ. ಬೆಳಿಗ್ಗೆಯೇ ಕರಗಬೇಕಿದ್ದ ಮಂಜು ತೀರವನ್ನೆಲ್ಲ ಮುಚ್ಚಿತ್ತು. ಒಂದೆಡೆ ಮಾತ್ರ ಕಿಂಡಿಯಂತೆ ತೆರೆದು, ತಳದಲ್ಲಿ ಹಸಿರು ಹೊಲ ಕಾಣುತ್ತಿತ್ತು.

"ಅಲ್ಲಿ ಇಳೀಲಿಕ್ಕೆ ಆಗುದಿಲ್ವಾ?"

"ಇಳಿಯುವಾಗ ಮುಚ್ಚಿಕೊಂಡರೆ ಗುಡ್ಡ ಕಾಣುವುದಿಲ್ಲ."

"ಅವನು ಕಾಯ್ತಾ ಇದ್ದಾನಲ್ಲ."

"ಕಾಯಲಿ."

ಭಾವನ ಕುರಿತು ಅತ್ತೆಯೆದುರು ಅಂಥ ಮಾತನ್ನು ನಾನೆಂದೂ ಆಡಿದವಳಲ್ಲ. ನನ್ನ ತರಬೇತಿಯ ಕನಸು ಅಲ್ಲಿಗೇ ಮುಗಿಯಿತೆಂದುಕೊಂಡು ವಿಮಾನವನ್ನು ಹಿಂದಕ್ಕೆ ತಿರುಗಿಸಿದೆ. ಗುಡ್ಡದ ಈಚೆ, ರೆಡ್‌ವುಡ್ ಸಿಟಿಯ ಪಕ್ಕದ ಸ್ಯಾನ್ ಕಾರ್ಲೋಸ್ ನಿಲ್ದಾಣದಲ್ಲಿ ಒಳ್ಳೆಯ ಬಿಸಿಲಿತ್ತು. ಅಲ್ಲಿ ಇಳಿದು, ನಾಣ್ಯ ಹಾಕಿ ಭಾವನಿಗೆ ಫೋನ್ ಮಾಡಿದೆ.

ಅವರು ಅನ್ನ, ಹುಳಿಯ ಡಬ್ಬಿಗಳೊಂದಿಗೆ ಗುಡ್ಡ ದಾಟಿ ಬಂದರು. "ಕಡೆಗೂ ಗೆದ್ದದ್ದು ನನ್ನ ಕಾರೇ ಅಲ್ವಾ, ಅಮ್ಮ?"

"ಮಂಜಲ್ಲಿ ದಾರಿ ಕಂಡಿತಾ ನಿಂಗೆ?"

"ಎಲ್ಲಿಂದ? ಅಂದಾಜಿನ ಮೇಲೆ ಬಂದೆ."

"ಅದೇ ನೋಡು. ಇವಳು ಅಂದಾಜಿನ ಮೇಲೆ ಬಿಡುವವಳಲ್ಲ. ನೀನು ಕಾಯ್ತಿದ್ದೀ ಅಂದರೂ ಕೇಳ್ಲಿಲ್ಲ. ತರಬೇತಿಗೆ ಹೋಗ್ಲಿ ಇವಳು, ಮಗುವನ್ನು ನಾನು ನೋಡಿಕೊಳ್ತೇನೆ. ಈಗ ಊಟ ಹಾಕು."

ಭಾವ ಡಬ್ಬಿ ಬಿಚ್ಚಿದರು. ಹುಲ್ಲಿನ ಮೇಲೆ ಕುಳಿತು ಉಂಡೆವು. ಹುಳಿ ಅಷ್ಟು ರುಚಿಸಿದ್ದು ಅಂದೇ. ಹಿಂದಿರುಗುವಾಗ ಕಡಲಗಾಳಿ ಬೆನ್ನಿಗಿತ್ತು. ಅತ್ತೆ ಕೊಲ್ಲಿ ದಾಟುವಷ್ಟರಲ್ಲಿ ನಿದ್ದೆಹೋದರು.

ಮರುವರ್ಷ ನಾನು ಬೋಧಕಳಾದೆ. ಮನೆಗೆ ಎರಡನೆಯ ಸಂಬಳ ಬಂತು. ಮಗಳನ್ನು ಡೇಕೇರ್‌ಗೆ ಸೇರಿಸಬೇಕಾಗಲಿಲ್ಲ. ಅಜ್ಜಿಯ ಕೈಯಲ್ಲಿ ಬೆಳೆದ ಅವಳು ಉಡುಪಿಯ ಕನ್ನಡವನ್ನೇ ಆಡತೊಡಗಿದಳು.