ಅಗ್ಗಣಿ ತಂಬಿಗೆಗೆ ಬಿದ್ದ ಗುಳಿಗೆ

ನಮ್ಮ ಊರಿನಲ್ಲಿ ಬ್ಲೀಚಿಂಗ್ ಪುಡಿ ಎಂದರೆ ಸಾಹೇಬರು ಬರುವ ದಿನ ರಸ್ತೆಯ ಎರಡೂ ಬದಿಗೆ ಹಾಕುವ ಬಿಳಿ ಗೆರೆ. ಕುಡಿಯುವ ನೀರಿಗೂ ಆ ಪುಡಿಗೂ ಏನಾದರೂ ಸಂಬಂಧ ಇದ್ದೀತು ಎಂದು ಯಾರಿಗೂ ಅನ್ನಿಸಿರಲಿಲ್ಲ. ನಾನು ಆಶಾ ಕಾರ್ಯಕರ್ತೆಯಾಗಿ ಸೇರಿದ ಹೊಸದರಲ್ಲಿ ಪಂಚಾಯತಿ ಕಚೇರಿಯ ಮೂಲೆಯಲ್ಲಿದ್ದ ಪುಡಿಯ ಚೀಲಕ್ಕೆ ಒಮ್ಮೆ ಕೈ ಹಾಕಿದೆ. ಚೀಲದ ಬಾಯಿ ಬಿಚ್ಚಿತ್ತು, ಎರಡು ಮಳೆಗಾಲ ಕಂಡಿತ್ತು, ಪುಡಿ ಹೆಂಟೆಯಾಗಿತ್ತು. ಮೂಗಿಗೆ ಹಿಡಿದರೆ ಘಾಟೇ ಇಲ್ಲ. ಒಂದು ಚಿಟಿಕೆ ನೀರಲ್ಲಿ ಕದಡಿ, ನಮಗೆ ಕೊಟ್ಟಿದ್ದ ಪರೀಕ್ಷೆಯ ಔಷಧ ಎರಡು ಹನಿ ಬಿಟ್ಟೆ. ಕ್ಲೋರಿನ್ ಇದ್ದರೆ ನೀರು ಹಳದಿಗೆ ತಿರುಗಬೇಕು. ತಿರುಗಲಿಲ್ಲ.

“ಇದರಾಗ ಜೀವಾನ ಇಲ್ಲರೀ, ಬರೇ ಸುಣ್ಣ ಉಳದೈತಿ” ಎಂದೆ.

“ಬೆಳ್ಳಗೈತಿಲ್ಲೋ? ಸಾಕ ಬಿಡವಾ” ಎಂದರು ಅಲ್ಲಿದ್ದ ಮೆಂಬರರು.

ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಅಂದಿನಿಂದ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಜಗಳ ತೆಗೆದು ಹೊಸ ಪುಡಿ ತರಿಸುವುದು, ಆಸ್ಪತ್ರೆಯಿಂದ ಕ್ಲೋರಿನ್ ಗುಳಿಗೆಗಳನ್ನು ಕಾಡಿ ಬೇಡಿ ತರುವುದು, ಎರಡನ್ನೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿ ಮನೆಯಲ್ಲಿ ಇಟ್ಟುಕೊಳ್ಳುವುದು ನನ್ನ ಕೆಲಸವಾಯಿತು. ಓಣಿಯವರು ನಕ್ಕರು. ಮದುವೆ ಗೊತ್ತಾಗುವ ಮೊದಲೇ ಚಪ್ಪರ ಹಾಕುತ್ತಾಳೆ ಎಂದರು. ನಮ್ಮ ಅತ್ತೆಗಂತೂ ಆ ಡ್ರಮ್ಮು ಕಣ್ಣಿಗೆ ಬಿದ್ದರೆ ಆಗುತ್ತಿರಲಿಲ್ಲ. “ಜ್ವಾಳದ ಬಾಜೂಕ ವಿಷ ತಂದಿಟ್ಟಾಳ ನೋಡ್ರಿ” ಎಂದು ಬಂದವರಿಗೆಲ್ಲ ಹೇಳಿ, ಕಡೆಗೆ ಅದನ್ನು ದನದ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದರು.

ನವಲಗುಂದ ಸೀಮೆಯ ಎರೆ ಭೂಮಿ ನಮ್ಮದು. ಬೋರು ಹೊಡೆದರೆ ಉಪ್ಪು ನೀರು. ಕಾಲುವೆಯಿಂದ ತುಂಬಿಸಿಕೊಳ್ಳುವ ಕೆರೆಯೇ ಊರಿಗೆಲ್ಲ ಗತಿ. ಆ ಕೆರೆಯ ಬಗ್ಗೆ ನಮ್ಮವರಿಗೆ ಎಲ್ಲಿಲ್ಲದ ಜಂಬ. ಏರಿಯ ಮೇಲೆ ಚಪ್ಪಲಿ ಬಿಟ್ಟೇ ಮೆಟ್ಟಿಲು ಇಳಿಯಬೇಕು, ಒಳಗೆ ಕಾಲು ಅದ್ದುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಪಂಚಾಯತಿಯವರು ನೇಮಿಸಿದ ಒಬ್ಬ ಮುಸಲ್ಮಾನ ಕಾಕಾ ಇದ್ದರು. ಬೆತ್ತ ಹಿಡಿದು ಏರಿಯ ಮೇಲೆ ಕೂತರೆ ಅವರನ್ನು ದಾಟಿ ಒಂದು ನಾಯಿಯೂ ಇಳಿಯುತ್ತಿರಲಿಲ್ಲ.

ಆದರೆ ಊರ ಪಕ್ಕದಲ್ಲೇ ಹರಿಯುವ ಬೆಣ್ಣಿಹಳ್ಳಕ್ಕೆ ಕಾಕಾನ ಬೆತ್ತದ ಹೆದರಿಕೆ ಇರಲಿಲ್ಲ. ಒಂದು ಮಳೆಗಾಲದಲ್ಲಿ ಮೂರು ದಿನ ಬಿಡದೆ ಸುರಿದ ಮಳೆಗೆ ಹಳ್ಳ ಹೊಲಗಳ ಮೇಲೆ ಹರಿದು ಬಂದು, ಏರಿ ತಗ್ಗಾಗಿದ್ದ ಕಡೆ ಕೆರೆಯೊಳಗೆ ನುಗ್ಗಿತು. ಬೆಳಿಗ್ಗೆ ಹೋಗಿ ನೋಡಿದರೆ ಕೆರೆಯ ತುಂಬ ಕಪ್ಪು ಚಹಾದಂಥ ನೀರು, ಕಸ, ಒಂದು ಸತ್ತ ಕರು. ಕಾಕಾ ಉದ್ದನೆಯ ಗಳ ಹಿಡಿದು ಆ ಕರುವನ್ನು ದಂಡೆಗೆ ಎಳೆಯುತ್ತ ಮಕ್ಕಳಂತೆ ಅಳುತ್ತಿದ್ದರು. ಕರೆಂಟು ಹೋಗಿತ್ತು, ಹಾಗಾಗಿ ಕಾಯಿನ್ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕ ಬಂದ್. ರಸ್ತೆ ಮುಳುಗಿ ಬಸ್ಸೂ ಬಂದ್. ನನ್ನ ಯಜಮಾನರು ಹುಬ್ಬಳ್ಳಿಗೆ ಹೋದವರು ಅಲ್ಲೇ ಸಿಕ್ಕಿಬಿದ್ದಿದ್ದರು. ಮನೆಯಲ್ಲಿ ನಾನು, ಅತ್ತೆ, ಎರಡು ಎಮ್ಮೆ. ಪಕ್ಕದ ಊರಲ್ಲಿ ಆಗಲೇ ವಾಂತಿ-ಭೇದಿ ಶುರುವಾಗಿದೆ ಎಂದು ಫೋನು ಬಂತು. ನನ್ನ ಫೋನಿನ ಬ್ಯಾಟರಿಯೂ ಆ ಸುದ್ದಿ ಹೇಳಿಯೇ ಸತ್ತಿತು.

ನಾನು ಅಟ್ಟ ಹತ್ತಿ ಡ್ರಮ್ಮು ಇಳಿಸಿದೆ. ಮುಚ್ಚಳ ತೆಗೆದರೆ ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷದಿಂದ ನಾನು ಯಾವ ಅತ್ತರನ್ನೂ ಮೂಸಿರಲಿಲ್ಲ.

ನನ್ನ ಪಾಲಿಗೆ ಎರಡು ಓಣಿ. ಮನೆಮನೆಯ ಮುಂದೆ ನಿಂತು ಒಂದೇ ಪಾಠ ಒದರಿದೆ. ರಾಡಿ ನೀರಿಗೆ ಔಷಧ ಹಾಕಿದರೆ ದಂಡ. ಮೊದಲು ಪಟಿಕ ತಿರುವಿ ಕೆಸರು ತಳಕ್ಕೆ ಇಳಿಯಲು ಬಿಡಬೇಕು. ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ದೊಡ್ಡ ಕೊಡಕ್ಕೆ ಒಂದು ಗುಳಿಗೆ ಹಾಕಿ, ಅರ್ಧ ತಾಸು ಮುಚ್ಚಿಡಬೇಕು. ಅಲ್ಲಿತನಕ ಬಾಯಿಗೆ ಒಂದು ಹನಿಯೂ ಬೇಡ.

“ವಾಸನಿ ಬರ್ತೈತಿ ಬೇ, ಚಾ ಕೆಡ್ತೈತಿ” ಎಂದಳು ಎದುರು ಮನೆಯಾಕೆ.

“ಚಾ ಕೆಡಲಿ, ನೀ ಕೆಡಬ್ಯಾಡ. ನೀ ಹೋದ್ರ ನಿನ್ನ ಗಂಡಗ ಚಾ ಮಾಡಾವ್ರ ಯಾರು?” ಎಂದೆ. ಅವಳ ಗಂಡ ಒಳಗಿನಿಂದಲೇ ನಕ್ಕ. ಅವಳು ಗುಳಿಗೆ ಇಸಿದುಕೊಂಡಳು.

ಕಾಕಾ ಕೆರೆಯ ಮೆಟ್ಟಿಲಲ್ಲಿ ನಿಂತು, ತುಂಬಿದ ಪ್ರತಿ ಕೊಡದಲ್ಲೂ ತಾವೇ ಪಟಿಕ ತಿರುವಿ ಕಳಿಸುತ್ತಿದ್ದರು. ಸಂಜೆ ನಾನು ಪರೀಕ್ಷೆಯ ಗಾಜಿನ ನಳಿಗೆ ಹಿಡಿದು ಮನೆಮನೆ ನುಗ್ಗುತ್ತಿದ್ದೆ. ಎರಡು ಹನಿ, ಹಳದಿ. ಮತ್ತೊಂದು ಮನೆ, ಎರಡು ಹನಿ, ಹಳದಿ. ಮೂರು ದಿನ ಎರಡೂ ಓಣಿಗಳಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ನನಗೆ ಸೊಕ್ಕು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಓಣಿಯಲ್ಲಿ ನಡೆದರೆ ಸೀರೆಯ ಸೆರಗು ತಾನೇ ಹಾರಾಡುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ನಮ್ಮ ಅತ್ತೆ ವಾಂತಿ ಮಾಡಿಕೊಂಡರು. ಒಂದಲ್ಲ, ಎರಡಲ್ಲ. ಹಿತ್ತಲಿಗೆ ನಡೆದು ಹೋಗುವಷ್ಟು ತ್ರಾಣವೂ ಉಳಿಯಲಿಲ್ಲ. ಕೈ ಹಿಡಿದರೆ ತಣ್ಣಗೆ. ಓ.ಆರ್.ಎಸ್. ಕಲಸಿ ಚಮಚೆ ಚಮಚೆಯಾಗಿ ಬಾಯಿಗೆ ಹಾಕುತ್ತ ಕೂತೆ. ಆಸ್ಪತ್ರೆಗೆ ಒಯ್ಯೋಣವೆಂದರೆ ದಾರಿಯೇ ಇಲ್ಲ.

ಸುದ್ದಿ ಓಣಿಗೆ ಮುಟ್ಟಲು ಎಷ್ಟು ಹೊತ್ತು? ಎದುರು ಮನೆಯಾಕೆ ನಮ್ಮ ಬಾಗಿಲಿಗೆ ಬಂದು, ನನ್ನ ಕಣ್ಣೆದುರೇ ತನ್ನ ಕೊಡದ ನೀರನ್ನು ಗಟಾರಕ್ಕೆ ಚೆಲ್ಲಿದಳು.

“ಹೇಳೂದು ಆಚಾರ, ತಿನ್ನೂದು ಬದನಿಕಾಯಿ! ನಿನ್ನ ಗುಳಿಗಿ ನಿಮ್ಮತ್ತಿಗೇ ನಡೀಲಿಲ್ಲ, ನಮಗೇನ ನಡೀತೈತಿ? ಯಾರಿಗ್ಗೊತ್ತು, ಗುಳಿಗೀನ ತಿರುಗಿ ಬಿದ್ದಿರಬೇಕು” ಎಂದಳು.

ಅವಳನ್ನು ನೋಡಿ ಇನ್ನೂ ಎರಡು ಮನೆಯವರು ಚೆಲ್ಲಿದರು. ಅತ್ತೆಗೆ ಯಾಕೆ ಹೀಗಾಯಿತು ಎಂದು ನಾನು ಸಂಜೆಯೊಳಗೆ ಹೇಳಲಾರದಿದ್ದರೆ ಎರಡೂ ಓಣಿಯವರು ಗುಳಿಗೆ ಎಸೆದು ಸತ್ತ ಕರುವಿನ ನೀರನ್ನೇ ಕುಡಿಯುತ್ತಾರೆ. ಆಮೇಲೆ ಎಷ್ಟು ಮನೆಯಲ್ಲಿ ಎಷ್ಟು ಜನ ಮಲಗುತ್ತಾರೋ, ಯಾರು ಏಳುತ್ತಾರೋ ಏಳುವುದಿಲ್ಲವೋ.

ಮನೆಯಲ್ಲಿದ್ದ ನೀರನ್ನೆಲ್ಲ ಪರೀಕ್ಷೆ ಮಾಡಿದೆ. ಕುಡಿಯುವ ಕೊಡ ಹಳದಿ. ಅಡುಗೆಯ ಹಂಡೆ ಹಳದಿ. ಅತ್ತೆ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದ ಚೊಂಬೂ ಹಳದಿ. ಹಾಗಾದರೆ ಇದು ಎಲ್ಲಿಂದ ಬಂತು? ತಲೆ ಚಚ್ಚಿಕೊಂಡು ಗೋಡೆಗೆ ಒರಗಿ ಕೂತೆ. ಕೂತಲ್ಲಿಂದ ಕಣ್ಣಿಗೆ ಬಿದ್ದದ್ದು ಜಗುಲಿ, ದೇವರ ಜಗುಲಿ. ಅದರ ಮೇಲೆ ತಾಮ್ರದ ತಂಬಿಗೆ.

ಅದರಲ್ಲಿ ಅಗ್ಗಣಿ. ಲಿಂಗಪೂಜೆಗೆಂದೇ ನಸುಕಿನಲ್ಲಿ ಮಡಿಯಿಂದ ತರುವ ನೀರಿಗೆ ನಮ್ಮಲ್ಲಿ ಹಾಗನ್ನುತ್ತಾರೆ. ಅತ್ತೆ ದಿನಾ ಅದರಿಂದಲೇ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿ, ಆ ನೀರನ್ನೇ ತೀರ್ಥವಾಗಿ ಕುಡಿಯುತ್ತಾರೆ. ನಾನು ಆ ನಾಲ್ಕೂ ದಿನ ನಸುಕಿಗೇ ಓಣಿ ತಿರುಗಲು ಹೋಗಿ ತೀರ್ಥ ತೆಗೆದುಕೊಂಡಿರಲಿಲ್ಲ.

ಎರಡು ಹನಿ ಬಿಟ್ಟೆ. ನೀರು ಹೇಗಿತ್ತೋ ಹಾಗೇ ಇತ್ತು.

“ಅತ್ತೀ, ಈ ನೀರ ಎಲ್ಲೀದರಿ?”

“ಎಲ್ಲೀದಂದ್ರ? ಕೆರೀದು. ಕಾಕಾ ಬರೂಕಿಂತ ಮೊದಲ ನಾನ ಹೋಗಿ ತಂದು ಸೋಸಿ ಇಟ್ಟೀನಿ” ಎಂದರು ಅತ್ತೆ, ಸೋತ ದನಿಯಲ್ಲಿ. “ಮತ್ತ ನಿನ್ನ ಔಷಧದ ನೀರ ಲಿಂಗಕ್ಕ ಎರೀಲೇನು? ಲಿಂಗಕ್ಕೇನ್ ಜಡ್ಡ ಬಂದೈತಿ?”

ದೀಪದ ಬುಡಕ್ಕೆ ಕತ್ತಲೆ ಎಂದರೆ ಇದೇ. ಕುಡಿಯುವ ನೀರು, ಅಡುಗೆ ನೀರು, ಪಾತ್ರೆ ತೊಳೆಯುವ ನೀರು ಎಂದು ಊರಿಗೆಲ್ಲ ಬೆರಳು ಮಡಚಿ ಹೇಳಿದವಳು ನಾನು. ದೇವರ ನೀರನ್ನು ಹೇಳಲೇ ಇಲ್ಲ. ಅದು ಕುಡಿಯುವ ನೀರು ಎಂದು ನನಗೇ ಹೊಳೆದಿರಲಿಲ್ಲ. ತಪ್ಪು ಅತ್ತೆಯದಲ್ಲ, ನೂರಕ್ಕೆ ನೂರು ನನ್ನದು. ನನಗೆ ಹೆದರಿಕೆಯಾದದ್ದು ಮಾತ್ರ ಬೇರೆಯದಕ್ಕೆ. ಆ ಎರಡು ಓಣಿಗಳಲ್ಲಿ ಲಿಂಗಪೂಜೆ ಮಾಡುವ ಮನೆಗಳೇ ಹೆಚ್ಚು. ಪ್ರತಿ ಮನೆಯ ಜಗುಲಿಯ ಮೇಲೂ ಒಂದು ತಂಬಿಗೆ ಇತ್ತು.

“ಅತ್ತೀ, ನಿಮ್ಮ ಪಾದಾ ಹಿಡೀತೀನಿ, ಇದಕ್ಕೊಂದ ಗುಳಿಗಿ ಹಾಕಾಕ ಬಿಡ್ರಿ.”

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. “ನಾ ಸತ್ರೂ ಚಿಂತಿಲ್ಲ” ಎಂದರು.

ನನಗೆ ಅಳು ಬಂತು, ಸಿಟ್ಟೂ ಬಂತು. ಅಷ್ಟರಲ್ಲಿ ಕಾಕಾ ಅತ್ತೆಯನ್ನು ನೋಡಲೆಂದು ಬಂದು ಬಾಗಿಲ ಹೊರಗೆ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ. ಹೊಸ್ತಿಲ ಆಚೆಯೇ ಕುಕ್ಕರುಗಾಲಲ್ಲಿ ಕೂತರು.

“ಅಕ್ಕಾರ, ನಮ್ಮ ಮಸೂತಿ ನೀರಿನ ಹೌದಿಗೆ ಮೊದಲನೇ ದಿನಾನ ಇಕೀ ಕಡಿಂದ ಔಷಧ ಹಾಕಿಸೀನ್ರಿ. ನಮಾಜಿಗೆ ಮೊದಲು ಅದರಾಗ ಬಾಯಿ ಮುಕ್ಕಳಸ್ತೀವ್ರಿ ನಾವು. ಕೆರ್ಯಾಗಿನ ಸತ್ತ ಕರಾ ಎಳದು ಹಾಕಿದಾಂವ ನಾನರಿ. ಹುಳಾ ಬಿದ್ದಿದ್ವು ಅದಕ್ಕ. ಆ ನೀರ ಹಂಗ ಒಯ್ದು ದೇವರ ಮುಂದ ನಿಂದ್ರಾಕ ನನಗರೆ ನಾಚಿಕಿ ಬಂತ್ರಿ.”

ಅತ್ತೆ ನಿಧಾನಕ್ಕೆ ಈ ಕಡೆ ಹೊರಳಿದರು. ಕಣ್ಣು ತುಂಬಿತ್ತು.

“ಹುಳಾ ಬಿದ್ದಿದ್ವಾ?”

“ಹೌದ್ರಿ ಅಕ್ಕಾರ.”

“ಅಯ್ಯ ನನ ಶಿವನ! ನಾಕ ದಿನಾ ಅದನ್ನ ಎರದ್ನೆಲ್ಲೋ ನಿನಗ!” ಎಂದು ಎದೆಯ ಮೇಲಿದ್ದ ಲಿಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ತಮಗೆ ಬಂದ ಜಡ್ಡಿಗೆ ಅಳದವರು ಅದಕ್ಕೆ ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಮುಗಿಸಿ ನನ್ನ ಕಡೆ ಕಣ್ಣು ಬಿಟ್ಟರು. “ಏನ್ ನಿಂತ ನೋಡ್ತಿ ಬೇ? ಮಡೀ ಅಂದ್ರ ಮೈಲಿಗಿ ತಗಿಯೂದು. ಮೈಲಿಗಿ ತಗೀತಾವಿಲ್ಲೋ ನಿನ್ನ ಗುಳಿಗಿ? ತಂಬಿಗಿ ತೊಳಿ. ಬ್ಯಾರೇ ನೀರ ಸೋಸು. ಹಾಕು.”

ಹಾಕಿದೆ. ಒಂದು ತಂಬಿಗೆಗೆ ಇಡೀ ಗುಳಿಗೆ ಹೆಚ್ಚಾಗುತ್ತದೆಂದು ದೊಡ್ಡ ಕೊಡಕ್ಕೇ ಹಾಕಿ, ಅರ್ಧ ತಾಸು ಬಿಟ್ಟು ಅದರಿಂದ ತಂಬಿಗೆ ತುಂಬಿದೆ. ಎರಡು ಹನಿಗೆ ಹಳದಿ ಬಂತು. ನಳಿಗೆಯನ್ನು ಅತ್ತೆಯ ಮುಖದ ಹತ್ತಿರ ಹಿಡಿದೆ. “ದೇವರ ಅರಿಷಿಣ ಭಂಡಾರದಂಗ ಆತಲ್ಲ” ಎಂದರು.

ಮಧ್ಯಾಹ್ನದ ಹೊತ್ತಿಗೆ ಅತ್ತೆ ಕುಡಿದದ್ದು ಹೊಟ್ಟೆಯಲ್ಲಿ ನಿಂತಿತು. ನಾನು ಓಣಿಗೆ ಹೊರಟೆ. ಅತ್ತೆ ತಡೆದರು.

“ನೀ ಹೇಳಿದ್ರ ಯಾರ್ ಕೇಳ್ತಾರ? ಸೊಸಿ ಮಾತಿಗೆ ಜಗಲಿ ಮ್ಯಾಲಿನ ತಂಬಿಗಿ ಯಾರೂ ಮುಟ್ಟಾಕ ಕೊಡೂದಿಲ್ಲ. ನಾ ಬರ್ತೀನಿ.”

“ನಿಂದ್ರಾಕ ಬರವಲ್ದು ನಿಮಗ, ಎಲ್ಲಿಗೆ ಬರ್ತೀರಿ?” ಎಂದು ರೇಗಿದೆ.

“ಗಾಡಿ ಐತೆಲ್ಲ?” ಎಂದರು.

ಗಾಡಿ ಎಂದರೆ ಕೊಡ ಇಟ್ಟುಕೊಂಡು ಕೆರೆಯಿಂದ ನೀರು ತರುವ ನೂಕುಗಾಡಿ. ಅದರ ಮೇಲೆ ಕೌದಿ ಹಾಸಿ ಅತ್ತೆಯನ್ನು ಕೂರಿಸಿದೆ. ಬಿಸಿಲು ಇಳಿಯುವ ಹೊತ್ತಿಗೆ ಕಾಕಾ ಮುಂದೆ ಎಳೆದರು, ನಾನು ಹಿಂದೆ ನೂಕಿದೆ. ಎರೆ ಮಣ್ಣಿನ ರಾಡಿಯಲ್ಲಿ ಗಾಲಿ ಹೂತು, ಎದ್ದು, ಹೂತು. ಅತ್ತೆ ಒಂದು ಕೈಯಲ್ಲಿ ಗಾಡಿಯ ಅಂಚು, ಇನ್ನೊಂದರಲ್ಲಿ ನಮ್ಮ ತಂಬಿಗೆ ಹಿಡಿದು ಕೂತಿದ್ದರು. ಮುಂಜಾನೆ ಹೆಣದಂತಿದ್ದವರಿಗೆ ಆ ದನಿ ಎಲ್ಲಿಂದ ಬಂತೋ.

“ಏ ಬೇ, ಹೊರಗ ಬಾ! ನಿಮ್ಮ ಅಗ್ಗಣಿ ತಂಬಿಗಿ ತೋರ್ಸು! ಗುಳಿಗಿ ನೀರ ಕುಡದು ಮಲಗಲಿಲ್ಲ ನಾ. ಗುಳಿಗಿ ಇಲ್ಲದ ನೀರ ಕುಡದು ಮಲಗೀನಿ. ದೇವರ ಮ್ಯಾಲ ಹುಳದ ನೀರ ಎರದೀನಿ ನಾ. ನೀವೂ ಎರೀತೀರೇನು?”

ಮಠದ ಅಯ್ಯನವರ ಮನೆಯ ಮುಂದೆಯೂ ಗಾಡಿ ನಿಲ್ಲಿಸಿದರು. ಅಯ್ಯನವರು ತಾವೇ ತಂಬಿಗೆ ತಂದು ಅಂಗಳಕ್ಕೆ ಚೆಲ್ಲಿ, ನನ್ನ ಮುಂದೆ ಕೈಯೊಡ್ಡಿ ಗುಳಿಗೆ ತೆಗೆದುಕೊಂಡರು. ಅದನ್ನು ನೋಡಿದ ಮೇಲೆ ಓಣಿಯಲ್ಲಿ ಇನ್ನು ಯಾರು ಮಾತಾಡುತ್ತಾರೆ? ತಾಮ್ರದ, ಹಿತ್ತಾಳೆಯ, ಸ್ಟೀಲಿನ ತಂಬಿಗೆಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಎದುರು ಮನೆಯಾಕೆ ತಂಬಿಗೆಯ ಜೊತೆಗೆ, ಮುಂಜಾನೆ ಚೆಲ್ಲಿದ ಕೊಡವನ್ನೂ ಹೊತ್ತು ಬಂದಳು. ಒಂದು ಮಾತು ಅನ್ನಬೇಕೆಂದು ನನ್ನ ನಾಲಿಗೆ ಬಹಳ ತುರಿಸಿತು, ಆದರೂ ಗುಳಿಗೆ ಕೊಟ್ಟು ಗಾಡಿ ಮುಂದೆ ನೂಕಿದೆ.

ಆ ಓಣಿಗಳಲ್ಲಿ ಅತ್ತೆಯನ್ನು ಬಿಟ್ಟು ಇನ್ನೂ ಮೂವರಿಗೆ ಹೊಟ್ಟೆ ಕೆಟ್ಟಿತು, ಮೂವರೂ ಓ.ಆರ್.ಎಸ್. ಕುಡಿದು ಮನೆಯಲ್ಲೇ ಆರಾಮಾದರು. ಗುಳಿಗೆ ಮುಗಿದ ಮೇಲೆ ಪುಡಿಯನ್ನು ನೀರಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಬಾಟಲಿಗೆ ತುಂಬಿ, ಅಳತೆ ಹೇಳಿ ಹಂಚಿದೆ. ರಸ್ತೆ ತೆರೆಯುವ ತನಕ ಒಂದು ಮನೆಯೂ ತಪ್ಪಿಸಲಿಲ್ಲ.

ನೀರು ಇಳಿದು ರಸ್ತೆ ಕಂಡ ದಿನ ಮೊದಲು ಬಂದದ್ದು ಆಸ್ಪತ್ರೆಯ ಜೀಪು. ಡಾಕ್ಟರು ಎರಡು ಊರುಗಳಲ್ಲಿ ನಿದ್ದೆಗೆಟ್ಟು ಬಂದಿದ್ದರು, ಕಣ್ಣು ಕೆಂಡದಂತೆ ಇದ್ದವು. ಹಿಂದುಗಡೆ ಸಲೈನ್ ಬಾಟಲಿಗಳ ಪೆಟ್ಟಿಗೆಗಳು. ಶಾಲೆಯ ಕೋಣೆ ತೆರೆಸಿ, ಮಂಚ ಹಾಕಿಸಿ ಎಂದು ಇಳಿಯುತ್ತಲೇ ಅವಸರ ಮಾಡಿದರು.

“ಎಷ್ಟ ಮಂದಿ ಮಲಗ್ಯಾರವಾ? ಸೀರಿಯಸ್ ಇದ್ದಾವರನ್ನ ಮೊದಲ ತೋರ್ಸು” ಎಂದರು ನನಗೆ.

ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೊರವನ್ನು ಬದಿಗಿಟ್ಟು, ಸೆರಗು ಸರಿ ಮಾಡಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತರು.

“ನಿಮ್ಮ ಬಾಟ್ಲಿ ಹಂಗ ತಿರುಗಿ ಒಯ್ರಿ ಸಾಹೇಬ್ರ” ಎಂದರು. “ನನ್ನ ಸೊಸಿ ಓಣ್ಯಾಗ ನಿಮಗ ಗಿರಾಕಿ ಇಲ್ಲ.”